ಅಪ್ಪ ತುಂಬಿಕೊಟ್ಟ ಕೋವಿ

ನಮ್ಮ ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ

ಮುದ್ದಿನ ತಮ್ಮಾ,

ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಮಗುವಿಗೆ ಹಲ್ಲು ಬಂತೇ? ನಿನ್ನ ಹೆಂಡತಿಗೆ ಎರಡು ಗಳಿಗೆ ಕಣ್ಣು ಮುಚ್ಚಲು ಬಿಡುತ್ತದೆಯೋ ಇಲ್ಲವೋ ಆ ಪುಟಾಣಿ? ನಾನು ಚೆನ್ನಾಗಿದ್ದೇನೆ, ಬಲಭುಜ ಒಂದನ್ನು ಬಿಟ್ಟು. ಅದು ಹೋದ ವಾರದಿಂದ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಫೋನಿನಲ್ಲಿ ಅಪ್ಪನ ಸುದ್ದಿ ಎತ್ತಿದರೆ ನೀನು ಕಟ್ ಮಾಡುತ್ತೀ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಅಪ್ಪನ ಹಳೇ ಕೋವಿಗಳ ಕ್ಲಬ್ಬಿಗೆ ಹೋಗಿದ್ದೆ. ನಗಬೇಡ. ಇಷ್ಟು ವರ್ಷ ಆ ಕರಿಮದ್ದಿನ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದವಳು, ಅಪ್ಪ ಈಚೆಗೆ ದಾರಿ ತಪ್ಪುತ್ತಾರೆಂದು ಕಾರು ಓಡಿಸಿಕೊಂಡು ಹೋದೆ. ಹೋದಮೇಲೆ ಬಿಡುತ್ತಾರೆಯೇ? "ಒಂದ್ಸಲ ಹೊಡೆದು ನೋಡೇ, ಹೆದರುಪುಕ್ಕಿ" ಎಂದು ತಮ್ಮ ಉದ್ದನೆಯ ಕೇಪಿನ ಕೋವಿಯನ್ನು ತಾವೇ ತುಂಬಿ ಕೈಗೆ ಕೊಟ್ಟರು. ಆ ಮಂತ್ರ ನಿನಗೂ ಬಾಯಿಪಾಠವೇ ತಾನೇ: ಮೊದಲು ಮದ್ದು, ಮೇಲೆ ಬಟ್ಟೆ ಸುತ್ತಿದ ಗುಂಡು, ಕೊನೆಗೆ ಕಿಡಿ ಹೊತ್ತಿಸುವ ಕೇಪು. ಕ್ಲಬ್ಬಿನಲ್ಲಿ ಅರ್ಧ ಜನಕ್ಕೆ ಅದನ್ನು ಕಲಿಸಿದವರೇ ಅಪ್ಪ. ಮದ್ದು ಮರೆತು ಬರೀ ಗುಂಡು ಇಳಿಸಿದವರು ಎಲ್ಲರಿಗೂ ಚಹಾ ಕೊಡಿಸಬೇಕೆಂಬ ನಿಯಮ ಮಾಡಿದವರೂ ಅವರೇ. ಅವರ ಕೈಯಿಂದ ಮಾತ್ರ ಯಾರೂ ಒಂದು ಲೋಟ ಚಹಾ ಕುಡಿದಿರಲಿಲ್ಲ.

ನಾನು ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ಟ್ರಿಗರ್ ಎಳೆದೆ. ಕೇಪು ಚಟ್ಟೆಂದಿತು, ಅಷ್ಟೇ. ಕಾದು, ಇನ್ನೊಂದು ಕೇಪು ಹಾಕಿದೆವು, ಮತ್ತೆ ಚಟ್. ಮೀಸೆ ಮಾಮ ಇದ್ದಾರಲ್ಲ, ಕ್ಲಬ್ಬಿನ ಮೇಲ್ವಿಚಾರಕರು, ಅವರು ಬಂದು ನಳಿಗೆಯೊಳಗೆ ಸರಳು ಇಳಿಸಿದರು. ಮದ್ದಿದ್ದರೆ ಸರಳಿನ ಮೇಲೆ ಅಪ್ಪ ಗೀಚಿಟ್ಟ ಗುರುತಿನ ಹತ್ತಿರ ಅದು ನಿಲ್ಲಬೇಕು. ಗುರುತೂ ಒಳಗೆ ಹೋಯಿತು, ತಳದಲ್ಲಿ ಬರೀ ಗುಂಡು. ಮಾಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸಾಲಿನಲ್ಲಿದ್ದ ಯಾರೂ ಚಹಾದ ಮಾತೆತ್ತಲಿಲ್ಲ. ಅಪ್ಪ ಮಾತ್ರ ಸಿಡುಕಿ, "ಯಾರ್ರೀ ಇದನ್ನ ತುಂಬಿದ್ದು? ಬುದ್ಧಿ ಇಲ್ವಾ?" ಎಂದರು. ತಮಾಷೆಯಲ್ಲ ತಮ್ಮಾ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ನಾನೇ ಅಪ್ಪಾ" ಎಂದೆ. ಸರಿಯಾಗಿ ಬೈದರು. ಎಲ್ಲರಿಗೂ ಚಹಾ ಕೊಡಿಸಿದೆ. ಎಲ್ಲರೂ ಬಲವಂತವಾಗಿ ನಕ್ಕರು.

ಆ ಗುಂಡನ್ನು ತೆಗೆದು, ಮಾಮ ಹೊಸದಾಗಿ ತುಂಬಿಕೊಟ್ಟರು. ಈ ಸಲ ಹಾರಿತು. ಭುಜಕ್ಕೆ ಗುದ್ದು ಬಿತ್ತು, ಎದುರಿಗೆಲ್ಲ ದಟ್ಟ ಬಿಳಿ ಹೊಗೆ, ಗುರಿಹಲಗೆಯೂ ಕಾಣಲಿಲ್ಲ. ಆ ಹೊಗೆಯೊಳಗೆ ನಿಂತು ಅತ್ತುಬಿಟ್ಟೆ. ಅಪ್ಪ ಕರವಸ್ತ್ರ ಕೊಟ್ಟು, "ಹೊಸಬರಿಗೆ ಕಣ್ಣು ಉರಿಯುತ್ತೆ, ಅಭ್ಯಾಸ ಆಗುತ್ತೆ" ಎಂದರು. ನನಗೆ ಅಭ್ಯಾಸವಾಗುವುದು ಬೇಡ.

ಮಂಗಳವಾರ ಅಪ್ಪನನ್ನು ಡಾಕ್ಟರಿಗೆ ತೋರಿಸಿದೆ. ಈ ಮರೆವು ಎರಡು ವರ್ಷದಿಂದಲಾದರೂ ಒಳಗೊಳಗೇ ಬೆಳೆಯುತ್ತಿರಬೇಕಂತೆ, ಇನ್ನು ಹೆಚ್ಚುತ್ತಲೇ ಹೋಗುತ್ತದಂತೆ. ಈಗ ಹೋದ ವರ್ಷದ್ದು ನೆನಪು ಮಾಡಿಕೋ. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟಿದ್ದ ನೀನು ಮಗು ಹುಟ್ಟಿತೆಂದು ಮನಸ್ಸು ಕರಗಿ ಫೋನು ಮಾಡಿದೆ. ಅಪ್ಪ "ಯಾರು ನೀವು? ನಿಮಗೆ ಯಾರು ಬೇಕಿತ್ತು?" ಎಂದು ಇಟ್ಟುಬಿಟ್ಟರು. ಹಠ ಎಂದು ನೀನು ತಿಳಿದೆ, ನಾನೂ ಹಾಗೇ ತಿಳಿದೆ. ಹಠವಲ್ಲ ಕಣೋ. ಹಠವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಹಠವನ್ನು ಮುರಿಯಬಹುದಿತ್ತು.

ಅಮ್ಮ ನಿನ್ನನ್ನು ತುಂಬಾ ನೆನೆಸುತ್ತಾಳೆ. ನಿನ್ನ ಹೆಂಡತಿಗೆ ನನ್ನ ಪ್ರೀತಿ ಹೇಳು, ಮಗುವಿನ ಎರಡೂ ಕೆನ್ನೆಗೆ ಅತ್ತೆಯ ಮುತ್ತು ಕೊಡು. ತಣ್ಣೀರು ಕುಡಿಯಬೇಡ, ಬೆನ್ನಿಗೆ ಬಿಸಿ ಶಾಖ ಕೊಟ್ಟುಕೋ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ದಿನಾ ಸಂಜೆ ಐದಾದರೆ ಅಪ್ಪ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಲ್ಲುತ್ತಾರೆ. ಯಾಕೆ ಎಂದು ಕೇಳಿದರೆ "ಹುಡುಗ ಸ್ಕೂಲಿಂದ ಬರೋ ಹೊತ್ತಾಯ್ತು" ಎನ್ನುತ್ತಾರೆ. ಕತ್ತಲಾಗುವವರೆಗೂ ಒಳಗೆ ಬರುವುದಿಲ್ಲ. ಬೇಗ ಬಾ. ಬರುವಾಗ ಐದು ಗಂಟೆಗೇ ಬಾ. ಗುರುತು ಹಿಡಿಯದಿದ್ದರೆ ಬೇಜಾರು ಮಾಡಿಕೊಳ್ಳದೆ, ಸ್ಕೂಲು ಬಿಡುವುದು ತಡವಾಯಿತು ಎಂದುಬಿಡು.