ಮೂರನೇ ಹಾಡಿನ ಮೊದಲ ಹೆಸರು

ಲೆಂಬಾ, ಕಿನ್ಶಾಸಾ
9 ಆಗಸ್ಟ್ 2011, ಮಂಗಳವಾರ

ಪ್ರೀತಿಯ ಬೊಲುಂಬು ಅಕ್ಕಾ,

ಹೇಗಿದ್ದೀಯ? ಮೀನು ಹೊಗೆಗಿಟ್ಟು ಇಟ್ಟು ನಿನಗೆ ಕಣ್ಣುರಿ ಬಂದಿದೆ, ಸಂಜೆಯಾದರೆ ನೀರು ಸುರಿಯುತ್ತೆ ಅಂತ ಲೊಫೆಂಬೆ ಮಾವ ಹೇಳಿದರು. ತಣ್ಣೀರಲ್ಲಿ ತೊಳೀತಾ ಇರು, ಕೈಯಿಂದ ಉಜ್ಜಬೇಡ. ಮಕ್ಕಳು ಹೇಗಿದ್ದಾರೆ? ದೊಡ್ಡವನು ಈ ವರ್ಷ ಪರೀಕ್ಷೆಗೆ ಕೂತಿದ್ದನಂತೆ, ಪಾಸಾದನಾ? ಇದೆಲ್ಲ ನನಗೆ ಗೊತ್ತಾಗಿದ್ದು ಮಾವನಿಂದಲೇ. ಅಪ್ಪನ ಬಾರ್ಜಿನಲ್ಲಿ ಚುಕ್ಕಾಣಿ ಹಿಡೀತಿದ್ದ ಆ ಮುದುಕರೇ ಈ ಕಾಗದವನ್ನೂ ಎಂಬಾಂಡಾಕಾದ ದಡಕ್ಕೆ ತಂದು ನಿನ್ನ ಕೈಗಿಡ್ತಾರೆ. ಯಾರಿದು ಅಂತ ಹುಬ್ಬು ಗಂಟಿಕ್ಕಬೇಡ. ನಾನು ಎಯೆಂಗಾ. ಬಾರ್ಜ್ ಮೆಕ್ಯಾನಿಕ್ ಬೊಕುಂಗು ಅವರ ಮಗಳು, ಕಿನ್ಶಾಸಾದ ಮನೆಯವಳು. ಮಾವ ನಿನ್ನ ಫೋನ್ ನಂಬರನ್ನೂ ಕೊಟ್ಟಿದ್ದರು. ಮಾಡಿದ್ದೆ ಕಣೆ. ನೀನು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ. ಮಾರನೇ ದಿನ ಇನ್ನೊಂದು ಸಲ ಮಾಡಿದೆ, ಮತ್ತೆ ಅದೇ ಕತೆ. ಯಾವನೋ ಕೆಲಸವಿಲ್ಲದ ಪೋಲಿ ಅಂತ ಬೈಕೊಂಡಿರ್ತೀಯ. ಆ ಪೋಲಿ ನಾನೇ.

ಈ ಕಾಗದವನ್ನ ಮೊದಲು "ನೀವು" ಅಂತ ಶುರುಮಾಡಿ ಹರಿದುಹಾಕಿದೆ. ಅಕ್ಕನಿಗೆ ಯಾರಾದರೂ ನೀವು ಅಂತಾರಾ? ಅಂತಾರೋ ಏನೋ, ನನಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ಅಕ್ಕ ಅಂತ ಯಾರನ್ನೂ ಕರೆದವಳಲ್ಲ, ನಾಲಗೆಗೆ ಆ ಪದದ ರೂಢಿಯೇ ಇಲ್ಲ. ನಮ್ಮಮ್ಮ ಹೋಗಿ ನಾಲ್ಕು ವರ್ಷವಾಯಿತು. ತಮ್ಮ ಇಕೊಲೊ ನದಿ ದಾಟಿ ಪ್ವಾಂತ್ ನುವಾರಿಗೆ ಹೋದವನು ಕ್ರಿಸ್‌ಮಸ್ಸಿಗೊಂದು ಫೋನ್ ಮಾಡಿ ಅಕ್ಕ ಹೇಗಿದ್ದೀಯ ಅಂತಾನೆ, ಉತ್ತರ ಮುಗಿಯೋದರೊಳಗೆ ಅವನ ಕರೆನ್ಸಿ ಮುಗಿದಿರುತ್ತೆ. ಗಂಡ ಅನ್ನೋನು ಒಬ್ಬ ಇದ್ದ, ಈಗ ಇನ್ನೊಬ್ಬಳ ಕೈ ಅಡುಗೆ ಹೊಗಳ್ತಿದ್ದಾನೆ. ನಾನು ಅಂಗಳದಲ್ಲೇ ಸ್ಟೂಲು ಹಾಕಿಕೊಂಡು ಹೆಂಗಸರಿಗೆ ಜಡೆ ಹೆಣೀತೀನಿ. ಇಡೀ ದಿನ ಜನ, ಇಡೀ ದಿನ ಮಾತು. ಅವರೆಲ್ಲ ತಲೆ ಕಟ್ಟಿಸಿಕೊಂಡು ಎದ್ದುಹೋದ ಮೇಲೆ ಈ ಮನೆಯಲ್ಲಿ ನಾನು ಮತ್ತೆ ಅಪ್ಪ. ಆಗ ಎಷ್ಟು ಒಂಟಿ ಅನ್ನಿಸುತ್ತೆ ಅಂದರೆ ಪಕ್ಕದ ಮನೆಯವರ ಜಗಳ ಕೇಳಿದರೂ ಒಂಥರಾ ಹಿತವಾಗುತ್ತೆ.

ನಿನ್ನ ಹೆಸರು ನನಗೆ ಹೇಗೆ ಗೊತ್ತು ಅಂತೀಯಾ? ಆ ಕ್ಯಾಸೆಟ್ಟಿನಿಂದ. ನಿನಗೂ ನೆನಪಿರಲೇಬೇಕು. ನನಗಾಗ ಹದಿನೈದು. ಒಂದು ಬ್ಯಾಂಡಿನವರು ನಿಮ್ಮೂರಲ್ಲಿ ಕಾರ್ಯಕ್ರಮ ಮುಗಿಸಿ, ವಾಪಸು ಬರಲು ದಾರಿಯಿಲ್ಲದೆ ದಡದಲ್ಲಿ ಕೂತಿದ್ದರಲ್ಲ, ಗಿಟಾರು, ಡ್ರಮ್ಮು, ದೊಡ್ಡ ದೊಡ್ಡ ಸ್ಪೀಕರು ಎಲ್ಲ ಇಟ್ಟುಕೊಂಡು. ಅಪ್ಪ ಅವರನ್ನ ಬಾರ್ಜಿಗೆ ಹತ್ತಿಸಿಕೊಂಡ. ಮಳೆ ಹಿಡಿಯಿತಂತೆ. ತನ್ನ ಟಾರ್ಪಾಲನ್ನ ಸ್ಪೀಕರುಗಳಿಗೆ ಹೊದಿಸಿ, ತಾನು ಇಂಜಿನ್ನಿನ ಪಕ್ಕ ನೆನೆದುಕೊಂಡೇ ಬಂದನಂತೆ. ಹಾಡುವವನಿಗೆ ಕರುಳು ಕರಗಿ, ಮುಂದಿನ ಆಲ್ಬಮ್ಮಿನಲ್ಲಿ ನಿನ್ನ ಹೆಸರು ಎಸೀತೀನಿ ಕಣಯ್ಯ ಅಂತ ಮಾತು ಕೊಟ್ಟ. ಗಿಟಾರು ಬಿಸಿಯೇರಿದಾಗ ಹಾಡಿನ ನಡುವೆ ಹೀಗೆ ಹೆಸರು ಕೂಗಿಸಿಕೊಳ್ಳೋದಕ್ಕೆ ಇಲ್ಲಿ ವ್ಯಾಪಾರಿಗಳು, ಮಂತ್ರಿಗಳು ಕ್ಯೂ ನಿಲ್ಲುತ್ತಿದ್ದರು. ಅಂಥದ್ದು ಒಬ್ಬ ಮೆಕ್ಯಾನಿಕ್ಕಿಗೆ ಬಿಟ್ಟಿಯಾಗಿ ಸಿಕ್ಕಿತು. ಮಕ್ಕಳ ಹೆಸರೇನು ಅಂತ ಕೇಳಿದ್ದಕ್ಕೆ ಅಪ್ಪ ಇದ್ದದ್ದು ಇದ್ದಂತೆ ಹೇಳಿದ. ಬಿಯರು ಕುಡಿದಿದ್ದ, ಸುಳ್ಳು ಹೊಳೀಲಿಲ್ಲ ಅಂತ ಲೊಫೆಂಬೆ ಮಾವ ಈಗಲೂ ನಗ್ತಾರೆ. ನನಗೇನೋ ಅವನು ಅವತ್ತು ಸುಳ್ಳು ಹೇಳೋಕೆ ಇಷ್ಟಪಡಲಿಲ್ಲ ಅನ್ನಿಸುತ್ತೆ.

ಮುಂದಿನ ವರ್ಷ ಕ್ಯಾಸೆಟ್ ಬಂತು. ಅಪ್ಪ ತಂದು ಅಮ್ಮನ ಕೈಗಿಟ್ಟು, ನೀವು ಕೇಳಿ ನೋಡಿ, ನಾನು ಬಾರ್ಜಿಗೆ ಹೊರಟೆ ಅಂದು ಹೋದ. ತಾನು ಪೂರ್ತಿ ಕೇಳಿದ್ದನೋ ಇಲ್ಲವೋ ದೇವರೇ ಬಲ್ಲ. ನಾನು ಶಾಲೆಯಿಂದ ಬರುವ ಹೊತ್ತಿಗೆ ಇಡೀ ಓಣಿಗೆ ಸುದ್ದಿ ಹಬ್ಬಿತ್ತು. ಆಗಷ್ಟೇ ಕರೆಂಟು ಹೋಗಿತ್ತು, ಎದುರುಮನೆಯವರು ಟಾರ್ಚಿನ ಬ್ಯಾಟರಿ ಬಿಚ್ಚಿ ಕೊಟ್ಟರು. ಅಂಗಳದ ತುಂಬಾ ಜನ. ಮೊದಲ ಹಾಡು ಶುರುವಾದಾಗ ನನ್ನ ಮೈಯೆಲ್ಲ ಜುಮ್ ಅಂದಿತು ಅಕ್ಕಾ. ಅಂಥ ಗಿಟಾರನ್ನ ನಾನು ಅಲ್ಲಿವರೆಗೆ ಕೇಳಿರಲಿಲ್ಲ, ಈಚೆಗೂ ಕೇಳಿಲ್ಲ. ಎರಡನೇ ಹಾಡಿಗೆ ಪಾದ್ರಿ ಮನೆಯ ಕಲ್ಲಿನಂಥ ಅಜ್ಜಿಯೂ ಸೊಂಟ ಕುಣಿಸಿದಳು. ಮೂರನೇ ಹಾಡಿನಲ್ಲಿ, ಗಿಟಾರು ಏರುತ್ತಾ ಏರುತ್ತಾ ಹೋದಾಗ, ಅವನು ಕೂಗಿದ: "ಬೊಕುಂಗು, ನದಿಯ ಗಂಡು, ಮಕ್ಕಳೊಂದಿಗ ಬೊಕುಂಗು!" ಅಷ್ಟರಲ್ಲಿ ಹಾಡು ಕಟ್ಟಾಯಿತು. ಟೇಪಿನೊಳಗೇ ಕೋಳಿಯೊಂದು ಕೊಕ್ ಅಂದಿತು, ಯಾರೋ ಉಸಿರು ಬಿಟ್ಟ ಹಾಗೆ ಕೇಳಿತು, ಆಮೇಲೆ ಟಕ್ ಅಂತ ಗಿಟಾರು ವಾಪಸು ಬಂದು, "ಎಯೆಂಗಾ! ಇಕೊಲೊ!" ಜನ ಕೇಕೆ ಹಾಕಿದರು. ಇಕೊಲೊನನ್ನ ಎತ್ತಿ ಕುಣಿಸಿದರು. ನಾನು ಸಂತೋಷ ತಡೆಯಲಾರದೆ ಅತ್ತುಬಿಟ್ಟೆ. ಟೇಪು ಸರಿಯಿಲ್ಲ, ಅಗ್ಗದ ಮಾಲು ಅಂತ ಯಾರೋ ಅಂದರು. ಅಮ್ಮ ಮೂಲೆಯಲ್ಲಿ ಕೂತು ಪೊಂಡುವಿಗೆ ಮರಗೆಣಸಿನ ಸೊಪ್ಪು ಕುಟ್ಟುತ್ತಾ, ಹೂಂ, ಅಗ್ಗದ ಮಾಲೇ ಅಂದಳು.

ಆ ತಿಂಗಳೆಲ್ಲ ನಾನು ನೆಲದ ಮೇಲೆ ನಡೆದವಳಲ್ಲ. ಎಲ್ಲರ ಮನೆಯ ರೇಡಿಯೋದಲ್ಲೂ ನನ್ನ ಹೆಸರಿತ್ತು! ಹಿರಿಮಗಳು, ಆದ್ದರಿಂದ ಮೊದಲ ಹೆಸರು ನಂದು, ಅದಕ್ಕೆ ಇನ್ನಷ್ಟು ಜಂಬ. ಒಂದು ಭಾನುವಾರ ಸೋಡಾ ತರೋಕೆ ಅಂತ ಹಿಂದಿನ ಓಣಿಯ ಲುಸಾಂಬಾ ಅತ್ತೆಯ ಬಿಯರಂಗಡಿಗೆ ಹೋದೆ. ಅಲ್ಲಿ ಅದೇ ಕ್ಯಾಸೆಟ್ ಓಡುತ್ತಿತ್ತು. ಮೂರನೇ ಹಾಡು. ಕುಣಿಯೋಕೆ ರೆಡಿಯಾಗಿ, ಖಾಲಿ ಬಾಟಲಿ ಹಿಡಿದು ನಿಂತೆ. "ಮಕ್ಕಳೊಂದಿಗ ಬೊಕುಂಗು! ಬೊಲುಂಬು! ಎಯೆಂಗಾ! ಇಕೊಲೊ!" ಅಲ್ಲಿ ಕೋಳಿಯೂ ಇಲ್ಲ, ಉಸಿರೂ ಇಲ್ಲ. ಯಾರೋ ಒಬ್ಬ ಕುಡುಕ ನನ್ನ ಕಡೆ ಬಾಟಲಿ ಎತ್ತಿ, "ಬಂದಳಪ್ಪಾ ನಂಬರ್ ಎರಡು" ಅಂದ. ಲುಸಾಂಬಾ ಅತ್ತೆ ಅವನ ತಲೆಗೆ ಒಂದು ಬಿಟ್ಟಳು. ಅತ್ತೆ ಹಾಗೆ ಹೊಡೆದಿದ್ದು ನೋಡಿದಾಗಲೇ ನನಗೆ ಅರ್ಥವಾಗಿದ್ದು, ಊರಿಗೆಲ್ಲ ಗೊತ್ತು, ಗೊತ್ತಿಲ್ಲದವಳು ನಾನೊಬ್ಬಳೇ ಅಂತ. ಇಲ್ಲಿ ಗಂಡಸರು ಹೊರಗೆ ಇಟ್ಟುಕೊಳ್ಳೋ ಸಂಸಾರಕ್ಕೆ "ಎರಡನೇ ಆಫೀಸು" ಅಂತಾರೆ, ನಿಮ್ಮಲ್ಲೂ ಅನ್ನಬಹುದು. ಮಕ್ಕಳ ಹೆಸರನ್ನ ಹುಟ್ಟಿದ ಸಾಲಿನಲ್ಲೇ ಕೂಗೋದು. ಹಾಗಾದರೆ ನಿಮ್ಮ ಮನೆ ಮೊದಲು. ಎರಡನೇ ಆಫೀಸು ನಮ್ಮದೇ.

ಸೋಡಾ ಇಲ್ಲದೆ ಮನೆಗೆ ಬಂದೆ. ಕ್ಯಾಸೆಟ್ ಎತ್ತಿ ನೋಡಿದರೆ, ಮೇಲೆ ರೆಕಾರ್ಡ್ ಆಗದಿರಲಿ ಅಂತ ಬಿಟ್ಟಿರೋ ಸಣ್ಣ ತೂತಿಗೆ ಕಾಗದ ತುರುಕಿತ್ತು. ನಾವು ಶಾಲೆಗೆ ಹೋದ ಹೊತ್ತಲ್ಲಿ ಅಮ್ಮ ಅದನ್ನ ಒಬ್ಬಳೇ ಕೇಳಿ, ಹಿಂದೆ ಮುಂದೆ ತಿರುಗಿಸಿ, ಸರಿಯಾಗಿ ನಿನ್ನ ಹೆಸರಿನ ಮೇಲೆ ರೆಕಾರ್ಡ್ ಗುಂಡಿ ಒತ್ತಿ ಅಳಿಸಿದ್ದಳು. ಓದು ಬರಹ ಬಾರದ ಹೆಂಗಸು, ನನ್ನ ಹೆಸರಿನ ಒಂದಕ್ಷರವೂ ಕೊಚ್ಚದ ಹಾಗೆ ಮಾಡಿದ್ದಳು. ಕ್ಯಾಸೆಟ್ ಹಿಡಿದು ಅವಳೆದುರು ನಿಂತೆ. ಅವಳು ನನ್ನ ಮುಖ ನೋಡಿ, ಒನಕೆ ಕೆಳಗಿಟ್ಟು ಹೇಳಿದಳು: "ಕೇಳಿಸಿದ್ರೆ ಕೇಳಿಸ್ಲಿ. ಈ ಹೊಸಿಲೊಳಗೆ ಹಿರಿಯಳು ನೀನೇ." ಅಷ್ಟೇ. ಸಾಯೋ ತನಕ ಆ ವಿಷಯ ಮತ್ತೆ ಎತ್ತಲಿಲ್ಲ.

ಅಪ್ಪನಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಆ ಟ್ರಿಪ್ಪಿನಿಂದ ಬಂದವನು ದಡದ ವರ್ಕ್‌ಶಾಪಿಗೆ ಬದಲಿ ಮಾಡಿಸಿಕೊಂಡ, ಮತ್ತೆ ಬಾರ್ಜು ಹತ್ತಲಿಲ್ಲ. ದಿನಾ ಸಂಜೆ ಮನೆಗೆ ಬರುವ ಅಪ್ಪ! ನಾನು ಇಕೊಲೊ ಎಷ್ಟು ಖುಷಿಪಟ್ಟೆವು. ಅವನು ಇಲ್ಲಿ ನಮ್ಮ ಜೊತೆ ಮುದ್ದೆ ಮುರಿಯೋ ಹೊತ್ತಲ್ಲಿ ನೀನು ಅಲ್ಲಿ ದಡದಲ್ಲಿ ನಿಂತಿರ್ತಿದ್ದೆ ಅಂತ ಮೊನ್ನೆ ಲೊಫೆಂಬೆ ಮಾವ ಹೇಳೋವರೆಗೆ ನಾನು ಯೋಚಿಸಿಯೂ ಇರಲಿಲ್ಲ. ಬಾರ್ಜು ಬಂದಾಗಲೆಲ್ಲ ಬರ್ತಿದ್ದೆಯಂತೆ. ಇಂಜಿನ್ ಕೋಣೆ ಇಣುಕಿ, ಯಾರನ್ನೂ ಏನೂ ಕೇಳದೆ ಹಿಂದೆ ಹೋಗ್ತಿದ್ದೆಯಂತೆ. ಅಕ್ಕಾ, ನೀನು ಆ ಹಾಡು ಮೊದಲ ಸಲ ಕೇಳಿದ್ದು ಎಲ್ಲಿ? ನಿನ್ನ ಹೆಸರಾದ ಮೇಲೆ ಎಯೆಂಗಾ, ಇಕೊಲೊ ಅಂತ ಕೂಗಿದಾಗ ಇವರು ಯಾರು ಅಂತ ನಿನ್ನಮ್ಮನನ್ನ ಕೇಳಿದೆಯಾ? ಇದನ್ನ ಕೇಳೋಕೆ ನನಗೆ ಬೇರೆ ಯಾರೂ ಇಲ್ಲ. ಲೋಕದಲ್ಲಿ ಆ ಹಾಡನ್ನ ನನ್ನ ಹಾಗೆ ಕೇಳಿದವಳು ನೀನೊಬ್ಬಳೇ.

ಇಷ್ಟಾದರೂ ಆ ಆಲ್ಬಮ್ ನನಗೆ ಪ್ರಾಣ. ಬಿಟ್ಟುಬಿಡಲು ನೋಡಿದೆ, ಆಗಲಿಲ್ಲ. ಕೊನೆಯ ಹಾಡಿನ ಕೊಳಲಿಗೆ ಇವತ್ತಿಗೂ ಹೆಣೆಯೋ ಕೈ ತಾನಾಗಿ ನಿಧಾನವಾಗುತ್ತೆ, ಗಿರಾಕಿಗಳು ಬೈತಾರೆ. ಹೊಸ ಪ್ರತಿ ಬಜಾರಿನಲ್ಲಿ ಸಿಗುತ್ತೆ, ನಾನು ಕೊಂಡಿಲ್ಲ. ನಮ್ಮಮ್ಮನ ಫೋಟೋ ಇದೆ, ದನಿ ಎಲ್ಲೂ ಇಲ್ಲ. ಅವಳದ್ದು ಅಂತ ಉಳಿದಿರೋದು ಆ ಅಳಿಸಿದ ಜಾಗದಲ್ಲಿರೋ ಒಂದು ಉಸಿರು. ಅದರ ಕೆಳಗೆ ನೀನಿದ್ದೀಯ. ಅವಳ ಮೇಲೆ ನಿನಗೆ ಸಿಟ್ಟಿದ್ದರೆ ನಾನು ಬೇಡ ಅನ್ನಲ್ಲ. ಅವಳು ಕೆಟ್ಟವಳಲ್ಲ ಅಂತ ಮಾತ್ರ ಹೇಳ್ತೀನಿ, ಮಗಳಲ್ಲವಾ ನಾನು.

ಈಗ ಅಪ್ಪನ ವಿಷಯ. ಮೈ ಪರವಾಗಿಲ್ಲ, ಬುದ್ಧಿ ಹಿಂದೆ ಹಿಂದೆ ಹೋಗ್ತಿದೆ. ಅಮ್ಮ ಹೋಗಿದ್ದು ನೆನಪಿಲ್ಲ, ಇಕೊಲೊ ಯಾರು ಅಂತಾನೆ. ನಾನು ಎದುರು ಕೂತರೆ, ಈ ಜಡೆ ಹೆಣೆಯೋ ಹೆಂಗಸು ನಮ್ಮನೇಲಿ ಯಾಕಿದ್ದಾಳೆ ಅಂತ ಪಕ್ಕದ ಮನೆಯವರನ್ನ ಕೇಳ್ತಾನೆ. ಸ್ನಾನ ಮಾಡಿಸಿ, ಬಟ್ಟೆ ಒಗೆದು, ಅದನ್ನ ಕೇಳಿಸಿಕೊಳ್ಳಬೇಕು ನೋಡು. ಹೋದ ತಿಂಗಳು ಊಟ ಬಿಟ್ಟ. ಏನು ಕೊಟ್ಟರೂ ಬಾಯಿ ಬಿಗಿ ಹಿಡಿದು, ಬೊಲುಂಬು ಬರಲಿ ಅಂತ ಬಾಗಿಲು ನೋಡ್ತಾನೆ. ಮೂರನೇ ದಿನ ನನಗೆ ಹೆದರಿಕೆಯಾಯಿತು. ತಟ್ಟೆ ಹಿಡಿದು, ನಾನೇ ಅಪ್ಪಾ ಬೊಲುಂಬು, ಬಂದಿದ್ದೀನಿ ಅಂದೆ. ಕಣ್ಣರಳಿಸಿ ನೋಡಿ, ಎಲ್ಲಾ ತಿಂದ. ಅವತ್ತಿನಿಂದ ಈ ಮನೆಯಲ್ಲಿ ನಾನು ನೀನಾಗಿದ್ದೀನಿ. ಅವನು ನಿನ್ನನ್ನ ಎಷ್ಟು ಮುದ್ದಾಗಿ ಕರೀತಾನೆ ಗೊತ್ತಾ? ನನ್ನನ್ನ ಹಾಗೆ ಕರೆದಿದ್ದೇ ಇಲ್ಲ. ಹೊಟ್ಟೆಕಿಚ್ಚಾಗುತ್ತೆ, ಮುಚ್ಚಿಡಲ್ಲ. ಆದರೂ ಅವನು ತುತ್ತು ನುಂಗಿದರೆ ಸಾಕು ಅನ್ನಿಸುತ್ತೆ.

ಮಕ್ಕಳಿಗೆ ಈ ಚಿಕ್ಕಮ್ಮನ ಮುತ್ತು ಕೊಡು, ಯಾರು ಅಂತ ಕೇಳಿದರೆ ಹಾಡಿನಲ್ಲಿರೋ ಎರಡನೆಯವಳು ಅನ್ನು. ನಿನ್ನಮ್ಮನೂ ತೀರಿಹೋದರು ಅಂತ ಮಾವ ಹೇಳಿದರು, ಅವರ ಸಮಾಧಿಗೆ ನನ್ನ ಹೆಸರಲ್ಲೂ ಒಂದು ಹೂವಿಡು, ಅವರು ಒಪ್ಪಿದರೆ. ನಿನ್ನ ಒಲೆ ಆರದಿರಲಿ, ಕಣ್ಣು ತಂಪಾಗಿರಲಿ.

ನಿನ್ನ ತಂಗಿ,
ಎಯೆಂಗಾ

ಮರೆತೆ: ಲೊಫೆಂಬೆ ಮಾವ ಬಾಗಿಲಲ್ಲಿ ನಿಂತು ಅವಸರ ಮಾಡ್ತಿದ್ದಾರೆ, ಆದರೆ ಕಾಗದ ಬರೆಯೋಕೆ ಕೂತಿದ್ದೇ ಇದಕ್ಕೆ. ನಿನ್ನೆ ಊಟ ಮಾಡಿಸುವಾಗ ಅಪ್ಪ ನನ್ನ ಕೈ ಹಿಡಿದುಕೊಂಡು ಕೇಳಿದ, "ಬೊಲುಂಬು, ನಾನು ಮತ್ತೆ ಬರಲೇ ಇಲ್ಲ. ಇನ್ನೂ ಸಿಟ್ಟಿದೆಯಾ ಮಗಳೇ?" ಇಲ್ಲ ಅಪ್ಪಾ ಅಂದಿದ್ದರೆ ಮುಗೀತಿತ್ತು, ಅವನು ಕೈ ಬಿಟ್ಟಿರ್ತಿದ್ದ. ನನ್ನಿಂದ ಆಗಲಿಲ್ಲ. ಅಪ್ಪನ ಜೊತೆ ನಿನ್ನ ಪಾಲಿನ ಊಟ ಉಂಡವಳು ನಾನು, ನಿನ್ನ ಉತ್ತರವನ್ನೂ ಹೇಗೆ ಕಿತ್ತುಕೊಳ್ಳಲಿ? ಸಿಟ್ಟಿದೆ ಅನ್ನೋದಾದರೂ ಸರಿ, ಬಂದು ನಿನ್ನ ಬಾಯಿಂದಲೇ ಹೇಳು. ನದಿ ಇಳಿದಿದೆ, ಬಾರ್ಜು ಮರಳಿಗೆ ಸಿಕ್ಕಿದರೆ ತಡವಾಗುತ್ತೆ, ಸಿಕ್ಕಿದ ಮೊದಲನೆಯದಕ್ಕೇ ಹತ್ತು. ಬೇಗ ಬಾ ಅಕ್ಕಾ. ಅವನು ಇನ್ನೊಂದು ಸಲ ಕೇಳಿದರೆ ನಾನು ತಡೆಯಲಾರೆ, ನಿನ್ನ ಹೆಸರಲ್ಲಿ ಇಲ್ಲ ಅಂದುಬಿಡ್ತೀನಿ.