ರಿಗ್ಗೈಯಲ್ಲಿ ಕೂಗಿದ ಗಿಬ್ಬನ್

ರಿಗ್ಗೈ, ಕುವೈತ್
16 ನವೆಂಬರ್ 2024, ಶನಿವಾರ

ಮೊಗಾಚ್ಯಾ ಬಾಯ್, ಪ್ರೀತಿಯ ಮಗಳೇ ಲೊರೈನ್,

ಹೇಗಿದ್ದೀ? ಚೀನಾದ ಆ ಯುನ್ನಾನ್ ಕಾಡಿನಲ್ಲಿ ಚಳಿ ಜೋರಂತೆ, ಮಮ್ಮಿ ಹೇಳಿದಳು. ಹದಿನಾಲ್ಕು ತಿಂಗಳು ನಿನ್ನ ಹತ್ತಿರ ಒಂದು ಮಾತೂ ಆಡದೆ ಈಗ ಹೇಗಿದ್ದೀ ಅಂತ ಕೇಳಲು ನನಗೇ ನಾಚಿಕೆ. ತಡವಾಯಿತು, ಕ್ಷಮಿಸು. ಇಂಗ್ಲಿಷಿನಲ್ಲಿ ಬರೆದರೆ ಪ್ಲಾಂಟಿನ ಮೆಮೋ ಆಗುತ್ತದೆ, ಹಾಗಾಗಿ ಕನ್ನಡ. ಮೂಡುಬಿದಿರೆ ಹಾಸ್ಟೆಲಿನಲ್ಲಿ ಕಲಿತದ್ದನ್ನು ನೀನು ಮರೆತಿರಲಿಕ್ಕಿಲ್ಲ. ಮಮ್ಮಿ ಇದರ ಫೋಟೋ ತೆಗೆದು ಕಳಿಸುತ್ತಾಳೆ.

ನಿನ್ನೆ ನನ್ನ ಮರ್ಯಾದೆ ಹೋಯಿತು, ಕೇಳು. ಶುಕ್ರವಾರ ಇಲ್ಲಿ ರಜೆ ಅಲ್ಲವಾ, ಬೆಳಗಿನ ಪೂಜೆಗೆ ಇಗರ್ಜಿಗೆ ಹೊರಡಲು ಮಮ್ಮಿ ಅಲಾರ್ಮ್ ಇಟ್ಟಿದ್ದಳು. ನೀನು ಕಾಡಿನಲ್ಲಿ ರೆಕಾರ್ಡ್ ಮಾಡಿ ಅವಳಿಗೆ ಕಳಿಸಿದ ಗಿಬ್ಬನ್ ವಾನರದ ಕೂಗನ್ನೇ ಅದಕ್ಕೆ ಹಾಕಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಅವಳು ಬಾತ್‌ರೂಮಿನಲ್ಲಿ, ನಾನು ಒಳ್ಳೇ ನಿದ್ದೆಯಲ್ಲಿ. ಏರಿ ಇಳಿದು ಪುನಃ ಏರುವ ಸದ್ದು. ಶುಐಬಾದ ಕೆಮಿಕಲ್ ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ ಸೇಫ್ಟಿ ಕೆಲಸ ಮಾಡಿದವನ ಕಿವಿಗೆ ಅದು ಗ್ಯಾಸ್ ಲೀಕಿನ ಸೈರನ್, ಬೇರೆಂತದ್ದೂ ಅಲ್ಲ.

ಎದ್ದವನೇ ಕಿಟಕಿ ತೆಗೆದು, ಒಣಹಾಕಿದ ಬನಿಯನ್ ಯಾವ ಕಡೆ ಹಾರುತ್ತದೆ ನೋಡಿ ಗಾಳಿಯ ದಿಕ್ಕು ತಿಳಿದೆ. ಮೂಗಿಗೆ ಒದ್ದೆ ಟವೆಲ್. ಮಮ್ಮಿಯನ್ನು ಸೋಪಿನ ತಲೆಯಲ್ಲೇ ನೈಟಿ ಹಾಕಿಸಿ ಎಳೆದುಕೊಂಡು, ಎದುರು ಫ್ಲ್ಯಾಟಿನ ಉಳ್ಳಾಲದ ಅಹ್ಮದ್ ಬಾವಾರ ಬಾಗಿಲು ಬಡಿದು, ಎಲ್ಲರನ್ನೂ ಪಾರ್ಕಿಂಗಿಗೆ ಇಳಿಸಿದೆ. ಪಾಪ, ಅವರು ಲುಂಗಿಯಲ್ಲೇ ಓಡಿ ಬಂದರು. ಮಮ್ಮಿಗೆ ಬಾಯಿ ತೆರೆಯಲು ನಾನು ಬಿಟ್ಟರೆ ತಾನೆ!

ಡ್ರಿಲ್‌ನಲ್ಲಿ ಪ್ಲಾಂಟಿನಿಂದ ಹೊರಗೆ ಬಂದ ಕೂಡಲೇ ಒಬ್ಬೊಬ್ಬರ ಹೆಸರು ಕರೆಯಬೇಕು. ಒಬ್ಬರ ಉತ್ತರ ಬಾರದಿದ್ದರೂ ಸೂಪರ್‌ವೈಸರ್ ಅಲ್ಲಿಂದ ಕದಲುವ ಹಾಗಿಲ್ಲ. ಅದೇ ಅಭ್ಯಾಸದಲ್ಲಿ ಕರೆದೆ. ಅಹ್ಮದ್ ಬಾವಾ ಇದ್ದೇನೆ ಅಂದರು. ಜೂಲಿಯಾನಾ ಅಂದೆ, ಮಮ್ಮಿ ಕೈ ಎತ್ತಿದಳು. ಆಮೇಲೆ "ಲೊರೈನ್" ಅಂತ ಕರೆದೆ. ಉತ್ತರ ಇಲ್ಲ. ಇನ್ನೂ ಜೋರಾಗಿ ಕರೆದೆ. ಅಹ್ಮದ್ ಬಾವಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಅದು ನಿಮ್ಮ ಮಗಳ ಗಿಬ್ಬನ್ ಮಾರಾಯ್ರೆ, ಸೈರನ್ ಅಲ್ಲ," ಅಂದಳು ಮಮ್ಮಿ. ನಗುತ್ತಿದ್ದವಳು ಹಾಗೆಯೇ ಅಳಲು ಶುರುಮಾಡಿದಳು.

ಮೇಲೆ ಬಂದು ಅದನ್ನು ಮೂರು ಸಲ ಕೇಳಿದೆ. ನೀನು ಹೇಳಿದ್ದನ್ನೆಲ್ಲ ಮಮ್ಮಿ ಹೇಳಿದಳು. ಇಷ್ಟು ವರ್ಷ ಇವುಗಳನ್ನು ಪಕ್ಕದ ಕಾಡಿನ ಜಾತಿಯ ಲೆಕ್ಕಕ್ಕೇ ಸೇರಿಸಿದ್ದರಂತೆ. ಯಾರೋ ಹುಬ್ಬನ್ನು ಸರಿಯಾಗಿ ನೋಡಿದ ಮೇಲೆ ಬೇರೆಯೇ ಅಂತ ಗೊತ್ತಾಯಿತಂತೆ. ಬೆಳಿಗ್ಗೆ ಗಂಡು ಹೆಣ್ಣು ಸೇರಿಯೇ ಹಾಡುವುದಂತೆ. ಈ ರೆಕಾರ್ಡಿನ ಗಂಡಿಗೆ ಮಾತ್ರ ಜೊತೆ ಇಲ್ಲವಂತೆ. ಕೂಗುತ್ತಾನೆ, ನಿಲ್ಲಿಸುತ್ತಾನೆ, ಪುನಃ ಕೂಗುತ್ತಾನೆ. ಆ ನಡುವಿನ ಖಾಲಿ ನನಗೆ ಸಹಿಸಲು ಆಗಲಿಲ್ಲ ಬಾಯ್.

ನಾನು ಹುಡುಕಿಟ್ಟ ಆಸ್ಪತ್ರೆಯ ಲ್ಯಾಬ್ ಕೆಲಸ, ರೆಡಿಯಾದ ವೀಸಾ ಎಲ್ಲ ಬಿಟ್ಟು ಸಂಶೋಧನೆ ಅಂತ ಮಂಗನ ಹಿಂದೆ ಹೋಗುತ್ತೀಯಾ ಅಂತ ನಿನಗೆ ಬೈದಿದ್ದೆ. ಮಂಗ ಅಲ್ಲ ಪಪ್ಪಾ, ಬಾಲ ಇಲ್ಲ ಅಂದಿದ್ದೆ ನೀನು. ಸರಿ, ಬಾಲ ಇಲ್ಲ. ಒಪ್ಪಿದೆ.

ಅಹ್ಮದ್ ಬಾವಾರಿಗೆ ಸಣ್ಣಗೆ ಕೋಪ ಇತ್ತು, ಮಮ್ಮಿ ತಿನ್ನಲು ಬಿಸಿ ಸಾನ್ನ ಕೊಟ್ಟು ಸಮಾಧಾನ ಮಾಡಿದಳು. ಈಗ ಆ ಕೂಗನ್ನು ತಮ್ಮ ಫೋನಿಗೂ ಕಳಿಸಿ ಅನ್ನುತ್ತಾರೆ. ಕಾಡಿನಲ್ಲಿ ಜಾಗ್ರತೆ, ಜಾರುವ ಕಡೆ ಹೋಗಬೇಡ, ಬಿಸಿನೀರೇ ಕುಡಿ. ಮಮ್ಮಿಯ ಬೆಸಾಂವ್ ನಿನ್ನ ಮೇಲೆ ಯಾವತ್ತೂ ಇದೆ.

ನಿನ್ನ ಪಪ್ಪ,
ಕೊನ್ರಾಡ್

ಮ.ತಾ.: ಚಿಕ್ಕಂದಿನಿಂದ ದಿನಾ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ನೀನು ಕೈಮುಗಿದು ಬೆಸಾಂವ್ ಕೇಳುತ್ತಿದ್ದೆ, ನಾನು ತಲೆ ಮುಟ್ಟಿ ಆಶೀರ್ವಾದ ಮಾಡುತ್ತಿದ್ದೆ. ನೀನು ಹೊರಟ ದಿನವೂ ಬಾಗಿಲಲ್ಲಿ ತಲೆ ಬಗ್ಗಿಸಿ "ಬೆಸಾಂವ್ ದೀ ಪಪ್ಪಾ" ಅಂದೆ. ನಾನು "ಯಲ್ಲಾ, ಹೊತ್ತಾಯಿತು" ಅಂತ ಸೂಟ್‌ಕೇಸ್ ಎತ್ತಿಕೊಂಡೆ. ನೀನು ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದೆ. ನಾನು ನೋಡಿದ್ದೇನೆ. ಇವತ್ತು ಫೋನ್ ಮಾಡಿ ಇನ್ನೊಂದು ಸಲ ಕೇಳು ಬಾಯ್. ಉತ್ತರ ಕೊಡಲು ಇಲ್ಲೇ ಕುಳಿತಿದ್ದೇನೆ.