ಕೆಂಪು ಚೌಕಕ್ಕೆ ಪುಟ್ಟಿ

ನಜ್ಮಾ, ದೋಹಾ, 2018

ಡ್ರಾಯಿಂಗ್ ಮೇಷ್ಟರಾದ ಭಾವನವರಿಗೆ ನಮಸ್ಕಾರ.

ಇಲ್ಲಿ ರಷ್ಯಾದ ನೂರು ವರ್ಷ ಹಳೆಯ ಚಿತ್ರಗಳ ಪ್ರದರ್ಶನ. ಗೋಡೆಗೆ ಬಣ್ಣ ಬಳಿಯುವ ಕೆಲಸ ನಮ್ಮದು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತೆಂದು ಉಸ್ತುವಾರಿ ಮೇಡಂ ನಮ್ಮ ಪೇಂಟರ್ ತುಕ್ರನ ರಜೆಯನ್ನೇ ತಡೆದರು. ಪಾಪ, ಶುಕ್ರವಾರ ಅವನ ಮಗಳ ನಾಮಕರಣ. ಅಷ್ಟರಲ್ಲಿ ಪೆಟ್ಟಿಗೆಯಿಂದ ಚಿತ್ರ ಹೊರಬಂತು: ಓರೆಯಾಗಿ ನಿಂತ ಒಂದು ಕೆಂಪು ಚೌಕ, ಮೈತುಂಬ ಬಿರುಕು! ಗೋಡೆ ಬಿರಿದರೆ ಸಜಾ, ಚಿತ್ರ ಬಿರಿದರೆ ಮಜಾ. ಗೋಡೆಯ ಬಿರುಕಿಗೆ ಪುಟ್ಟಿ ಮೆತ್ತುತ್ತಿದ್ದ ತುಕ್ರ ಕರಣೆ ಹಿಡಿದೇ ಕೇಳಿದ: “ಸರ್, ಇದಕ್ಕೂ ಪುಟ್ಟಿ ಹಾಕ್ಲಿಕ್ಕುಂಟಾ?” ನಾನು ಅದನ್ನು ಮೇಡಂಗೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. “ಖಲಾಸ್! ರಜೆ ಕೊಟ್ಟು ಇವನನ್ನು ಇವತ್ತೇ ಊರಿಗೆ ಕಳಿಸಿ” ಎಂದು ಚೀರಿದರು.

ನೀವು ಕೇಳಿದ್ದ ನನ್ನ ಸೊಂಟನೋವು ಈಗ ವಾಸಿ. ತುಕ್ರ ವಿಮಾನ ಹತ್ತಿದ; ಆಮೇಲೂ ಚಿತ್ರಕ್ಕೆ ಇಬ್ಬರು ಕಾವಲು.

ಗಿರಿಧರ